ಪೊಲೀಸರಾ, ಹೊರದೇಶದ ಗೂಢಚಾರರಾ: ಯಾರಿಗೆ ಜಾಸ್ತಿ ಹೆದರಬೇಕು?

ಪ್ರಶ್ನೆ: ಮೇಡಂ, ನನ್ನ ಈಮೇಲ್, ಫೋಟೊ, ಬ್ಯಾಕಪ್ ಎಲ್ಲ ಅಮೆರಿಕದ ಕಂಪನಿಗಳ ಹತ್ತಿರವೇ ಇದೆ. 2013ರಲ್ಲಿ ಸ್ನೋಡೆನ್ ಅನ್ನುವವರು ಅಮೆರಿಕದ ಗೂಢಚಾರರು ಜನರ ಡೇಟಾ ನೋಡುವುದನ್ನು ಬಯಲು ಮಾಡಿದ್ದನ್ನು ಓದಿದ ಮೇಲೆ ಎಲ್ಲ ತೆಗೆದು ನಮ್ಮ ದೇಶದ ಸರ್ವರ್‌ಗೇ ಹಾಕಿಬಿಡೋಣ ಅನ್ನಿಸ್ತಿದೆ. ಆದರೆ ಗೆಳೆಯ, "ಹಾಗೆ ಮಾಡಿದ್ರೆ ಪೊಲೀಸರಿಗೆ ಒಂದು ಕಾಗದ ಸಾಕು" ಅಂತಾನೆ. ಏನು ಮಾಡಲಿ?

ಉತ್ತರ (ಡಿಜಿಟಲ್ ಭದ್ರತಾ ಸಲಹೆಗಾರ್ತಿ): ನಿಮ್ಮ ಗೆಳೆಯನ ಮಾತಲ್ಲಿ ಹುರುಳಿದೆ. ಮೊದಲು ಇಷ್ಟು ಕೇಳಿಕೊಳ್ಳಿ: ನಿಮ್ಮ ಮೇಲೆ ಯಾರಿಗೆ ಕಣ್ಣಿದೆ, ಕಣ್ಣು ಬಿದ್ದರೆ ಅವರು ನಿಮಗೆ ಏನು ಮಾಡಬಲ್ಲರು? ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ, ಪ್ರಿಸಂ ಅನ್ನುವ ಯೋಜನೆಯಲ್ಲಿ ದೊಡ್ಡ ಕಂಪನಿಗಳಿಂದ ಹೊರದೇಶದವರ ಡೇಟಾ ತೆಗೆದುಕೊಳ್ಳುತ್ತಿತ್ತು, ಅಲ್ಲಿನ ಕಾನೂನಿನಲ್ಲಿ ನಮ್ಮಂಥವರಿಗೆ ರಕ್ಷಣೆಯೂ ಕಡಿಮೆ, ಎಲ್ಲ ನಿಜ. ಆದರೆ ಅವರು ನಿಮ್ಮ ಬಾಗಿಲು ಬಡಿಯುವುದಿಲ್ಲ. ಪೊಲೀಸರು ಬಡಿಯುತ್ತಾರೆ. ಫೋನ್ ಜಪ್ತಿ ಮಾಡುತ್ತಾರೆ, ಠಾಣೆಯಲ್ಲಿ ಕೂರಿಸುತ್ತಾರೆ.

ಅವರಿಗೆ ಭಾರಿ ತಂತ್ರವೇನೂ ಬೇಕಾಗಿಲ್ಲ. ಕರೆ ವಿವರ, ಟವರ್ ದಾಖಲೆ, ಕೈಗೆ ಸಿಕ್ಕ ಫೋನ್, ಅಷ್ಟೇ. ಸೆಲೆಬ್ರೈಟ್‌ನಂಥ ಉಪಕರಣಕ್ಕೆ ಫೋನ್ ಸಿಕ್ಕಿಸಿ ಒಳಗಿದ್ದದ್ದನ್ನು ಎಳೆಯುತ್ತಾರೆ. ಇಲ್ಲೊಂದು ಸಣ್ಣ ವಿಷಯ ತಿಳಿದಿರಲಿ. ಫೋನ್ ಆಫ್ ಮಾಡಿ ಆನ್ ಮಾಡಿದ ಮೇಲೆ ನೀವು ಮೊದಲ ಸಲ ಪಾಸ್‌ಕೋಡ್ ಹಾಕುವ ತನಕ ಒಳಗಿನ ಹೆಚ್ಚಿನ ಡೇಟಾಗೆ ಬೀಗ ಬಿದ್ದೇ ಇರುತ್ತದೆ. ಒಮ್ಮೆ ತೆರೆದು ಆಮೇಲೆ ಬರೀ ಸ್ಕ್ರೀನ್ ಲಾಕ್ ಮಾಡಿದರೆ ಬೀಗದ ಕೀ ಮೆಮೊರಿಯಲ್ಲೇ ಉಳಿದಿರುತ್ತದೆ. ಅದಕ್ಕೇ ಲ್ಯಾಬಿನವರು ಜಪ್ತಿಯಾದ ಫೋನ್ ಆಫ್ ಆಗದಂತೆ ಚಾರ್ಜಿಗೆ ಹಾಕಿಡುವುದು. 2024ರಲ್ಲಿ ಆಪಲ್, 3 ದಿನ ಯಾರೂ ತೆರೆಯದಿದ್ದರೆ ಐಫೋನ್ ತಾನೇ ರೀಸ್ಟಾರ್ಟ್ ಆಗುವ ಹಾಗೆ ಮಾಡಿತು. ತೊಂದರೆ ಆಗಬಹುದಾದ ಕಡೆ ಹೋಗುವಾಗ ನೀವೇ ಆಫ್ ಮಾಡಿಬಿಡಿ.

ಸರ್ವರ್ ವಿಚಾರ: ಡೇಟಾ ಹೊರದೇಶದ ಕಂಪನಿಯಲ್ಲಿದ್ದರೆ ಮೆಸೇಜಿನ ಒಳಗೆ ಏನಿದೆ ಅಂತ ನೋಡಲು ಪೊಲೀಸರು ಸಾಮಾನ್ಯವಾಗಿ ಎರಡು ಸರ್ಕಾರಗಳ ನಡುವಿನ ದಾರಿ ಹಿಡಿಯಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸುಮ್ನೆ ಭಯಬಿದ್ದು ಆ ಅಡ್ಡಿಯನ್ನು ನೀವೇ ತೆಗೆಯಬೇಡಿ.

ಪ್ರಶ್ನೆ: ಹಾಗಾದರೆ ಹೊರದೇಶದವರನ್ನು ಮರೆತೇಬಿಡಲಾ?

ಉತ್ತರ: ಬೇಡ. ಇವರಿಬ್ಬರ ನಡುವಿನ ಗೋಡೆ ಅಷ್ಟೇನೂ ಗಟ್ಟಿ ಇಲ್ಲ. ಅಮೆರಿಕದಲ್ಲೇ, ಗೂಢಚಾರರು ಕದ್ದು ಕೇಳಿದ್ದು ಮಾದಕವಸ್ತು ತಡೆ ಪೊಲೀಸರ ಕೈ ಸೇರುತ್ತಿತ್ತು, ಸುಳಿವು ಎಲ್ಲಿಂದ ಬಂತು ಅನ್ನುವುದನ್ನು ಮುಚ್ಚಿಡಿ ಅಂತ ಅವರಿಗೆ ಹೇಳಿಕೊಡುತ್ತಿದ್ದರು ಅಂತ 2013ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಫೋನಿನೊಳಗೆ ಗುಟ್ಟಾಗಿ ನುಗ್ಗುವ ಪೆಗಾಸಸ್ ತಂತ್ರಾಂಶ ಬಂದ ಮೇಲಂತೂ ದುಡ್ಡಿರುವ ಯಾವ ಸರ್ಕಾರವಾದರೂ ಆ ಮಟ್ಟದ ಗೂಢಚಾರಿಕೆ ಕೊಳ್ಳಬಹುದು. ನೀವು ಪತ್ರಕರ್ತರೋ ವಕೀಲರೋ ಆಗಿದ್ದರೆ ಇಂಥ ದಾಳಿಗೆ ದಾರಿ ಕಡಿಮೆ ಮಾಡುವ ಐಫೋನಿನ ಲಾಕ್‌ಡೌನ್ ಮೋಡ್ ಹಾಕಿಕೊಳ್ಳಿ.

ಉಳಿದವರಿಗೆ, ಕಂಪನಿಯ ಹತ್ತಿರ ಕೊಡಲು ಏನೂ ಇಲ್ಲದ ಹಾಗೆ ಮಾಡಿಕೊಳ್ಳುವುದು ಮೇಲು. 2016ರಲ್ಲಿ ಕೋರ್ಟಿನ ಆದೇಶ ಬಂದಾಗ ಮೆಸೇಜಿಗೆ ಬೀಗ ಹಾಕಿ ಕಳಿಸುವ ಸಿಗ್ನಲ್ ಆ್ಯಪ್‌ನವರ ಹತ್ತಿರ ಕೊಡಲು ಇದ್ದದ್ದು ಖಾತೆ ತೆರೆದ ಸಮಯ, ಕೊನೆಯ ಸಲ ಕನೆಕ್ಟ್ ಆದ ದಿನ, ಇವೆರಡೇ. ವಾಟ್ಸಾಪ್ ಮೆಸೇಜಿಗೂ ಬೀಗ ಇದೆ, ಆದರೆ ಕ್ಲೌಡ್ ಬ್ಯಾಕಪ್‌ಗೆ ಆ ಬೀಗ ಬೇಕಾದರೆ ಸೆಟ್ಟಿಂಗಿನಲ್ಲಿ ನೀವೇ ಆನ್ ಮಾಡಬೇಕು.

ಪ್ರಶ್ನೆ: ಈಗ ನೋಡಿದೆ ಮೇಡಂ, ಆಫ್ ಇತ್ತು!

ಉತ್ತರ: ಬಹಳ ಜನರದ್ದು ಹಾಗೇ ಇರುತ್ತದೆ. ಆನ್ ಮಾಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಅದು ಕಳೆದುಹೋದರೆ ವಾಟ್ಸಾಪ್‌ನವರೂ ಆ ಬ್ಯಾಕಪ್ ತೆರೆದುಕೊಡಲಾರರು.