ಪುಟ್ಟ ನಿರುದ್ಯೋಗಿ ಹೌದೋ ಅಲ್ಲವೋ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು 'ಹಿರೀಮನೆ'. ಮೂವತ್ತೊಂದು ಜನ ಇದ್ದೇವೆ. ಅಡ್ಮಿನ್ ನಾನು, ಅಂದರೆ ಎರಡೂ ಕಡೆಯಿಂದ ಬೈಸಿಕೊಳ್ಳುವವನು ನಾನು. ಸಾಮಾನ್ಯವಾಗಿ ಬರುವುದು ಗುಡ್ ಮಾರ್ನಿಂಗ್ ಹೂವು, ಗೊರೂರು ಡ್ಯಾಂ ನೀರಿನ ಮಟ್ಟ, ಯಾರದೋ ನಾಮಕರಣದ ಫೋಟೊ. ಕಳೆದ ಭಾನುವಾರ ಬೇಲೂರು ದೊಡ್ಡಪ್ಪ ಒಂದು ಚಿತ್ರ ಹಾಕಿದರು. ಎಷ್ಟು ಸಲ ಫಾರ್ವರ್ಡ್ ಆಗಿತ್ತೋ, ಅಕ್ಷರವೆಲ್ಲ ಮಸುಕಾಗಿತ್ತು.

'ದೇಶದಲ್ಲಿ ನಿರುದ್ಯೋಗ ಬರೀ ಶೇ 3.2. ನೂರರಲ್ಲಿ 97 ಜನರಿಗೆ ಕೆಲಸ ಇದೆ. ಕೆಲಸ ಇಲ್ಲ ಎನ್ನುವವರು ಸೋಮಾರಿಗಳು!'

ದೊಡ್ಡಪ್ಪನ ಮಗ ಪುಟ್ಟ 2023ರಲ್ಲಿ ಬಿಇ ಮುಗಿಸಿದವನು. ಈಗ ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂರುತ್ತಾನೆ. ಚಿತ್ರ ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು. ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ.

ಪುಟ್ಟ: ಅಪ್ಪ, ನಾನು ಪಕ್ಕದ ರೂಮಿನಲ್ಲೇ ಇದ್ದೇನೆ. ನೇರವಾಗಿ ಹೇಳಬಹುದಿತ್ತು.

ಬೇಲೂರು ದೊಡ್ಡಪ್ಪ: ನಿನಗೆ ಹೇಳಿದ್ದು ಅಂತ ಯಾರು ಹೇಳಿದರು? ಸರ್ಕಾರದ ಅಂಕಿ. ಎಲ್ಲರೂ ತಿಳಿದುಕೊಳ್ಳಲಿ ಅಂತ ಹಾಕಿದೆ.

ಸಕಲೇಶಪುರ ಚಿಕ್ಕಪ್ಪ: ಅಣ್ಣ ಹೇಳುವುದು ಸರಿ. ಕೆಲಸ ಇಲ್ಲ ಅನ್ನುವುದೇ ಸುಳ್ಳು. ನನ್ನ ತೋಟದಲ್ಲಿ ಕಾಫಿ ಹಣ್ಣು ಕುಯ್ಯಲು ಜನ ಇಲ್ಲ. ಅಸ್ಸಾಂನಿಂದ ಬಂದವರು ಇಲ್ಲದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿತ್ತು.

ಪುಟ್ಟ: ಎಲ್ಲಾ ಸುಳ್ಳು ಅಂಕಿ. ನಮ್ಮ ಮನೆಗೆ ಯಾರಾದರೂ ಬಂದು ಕೇಳಿದ್ದಾರಾ?

ಇಲ್ಲಿ ಹಾಸನದ ಅತ್ತಿಗೆ ಬಂದರು. ಈ 3.2 ಬಂದದ್ದು ಕೇಂದ್ರ ಸರ್ಕಾರದ ಉದ್ಯೋಗ ಸರ್ವೆಯಿಂದ (ಪಿಎಲ್‌ಎಫ್‌ಎಸ್), ಅತ್ತಿಗೆ ಎರಡು ವರ್ಷ ಗುತ್ತಿಗೆ ಮೇಲೆ ಅದೇ ಸರ್ವೆ ಕೆಲಸ ಮಾಡಿದವರು. ಕೈಯಲ್ಲಿ ಟ್ಯಾಬ್ ಹಿಡಿದು ಮನೆ ಮನೆ ತಿರುಗಿದವರು. ಅವರು ಟೈಪಿಂಗ್ ಶುರು ಮಾಡಿದರೆ ಉಳಿದವರು ಕಾಫಿ ಕುಡಿದು ಬರಬಹುದು.

ಹಾಸನದ ಅತ್ತಿಗೆ: ಪುಟ್ಟ, ಅನ್ನ ಬೆಂದಿದೆಯಾ ನೋಡಲು ಪಾತ್ರೆ ಪೂರ್ತಿ ಹಿಸುಕುವುದಿಲ್ಲ, ಒಂದಗುಳು ಸಾಕು. 2023-24ರ ಸರ್ವೆಯಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಜಾಸ್ತಿ ಮನೆ, ನಾಲ್ಕು ಲಕ್ಷಕ್ಕೂ ಜಾಸ್ತಿ ಜನರನ್ನು ಕೇಳಿದ್ದಾರೆ. ನಮ್ಮ ಮನೆ ಬರಲಿಲ್ಲ, ಅಷ್ಟೇ. 3.2 ಸುಳ್ಳಲ್ಲ. ಆದರೆ ದೊಡ್ಡ ಮಾವ, ಚಿತ್ರದ ಎರಡನೇ ಸಾಲು ತಪ್ಪು.

ಬೇಲೂರು ದೊಡ್ಡಪ್ಪ: ನೂರರಲ್ಲಿ ಮೂರು ಕಳೆದರೆ 97 ಅಲ್ವೇನಮ್ಮ? ಅಂಗಡಿ ಲೆಕ್ಕ ಬರೆದವನು ನಾನು.

ಹಾಸನದ ಅತ್ತಿಗೆ: ನೂರು ಅಂದರೆ ಯಾವ ನೂರು ಮಾವ? 15 ವರ್ಷ ದಾಟಿದ ನೂರು ಜನರನ್ನು ಸಾಲಾಗಿ ನಿಲ್ಲಿಸಿ. ಆ ವರ್ಷದ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದವರು 58. ಕೆಲಸ ಇಲ್ಲದೆ, ಬೇಕು ಎಂದು ಇದ್ದವರು ಹತ್ತಿರ ಹತ್ತಿರ 2. ಒಟ್ಟು 60. ಈ 60ಕ್ಕೆ ಶ್ರಮಪಡೆ ಅನ್ನುತ್ತಾರೆ. ಅರವತ್ತರಲ್ಲಿ ಇಬ್ಬರು ಅಂದರೆ ಶೇಕಡಾ ಮೂರು ಚಿಲ್ಲರೆ. ಉಳಿದ 40 ಜನ ಲೆಕ್ಕದ ಹೊರಗೆ. ಓದುವವರು, ಅಡುಗೆ ಮನೆಯವರು, ವಯಸ್ಸಾದವರು, ಕೆಲಸವೇ ಬೇಡ ಎಂದು ಬಿಟ್ಟವರು. ಇವರು ಯಾರೂ ನಿರುದ್ಯೋಗಿಗಳಲ್ಲ. ಆದರೆ ಇವರಿಗೆ ಕೆಲಸ ಇದೆ ಅಂತಲೂ ಅಲ್ಲ.

ದೊಡ್ಡಪ್ಪ ಒಂದು ಹೆಬ್ಬೆರಳು ಒತ್ತಿದರು. ಅದು ಒಪ್ಪಿಗೆಯೋ, 'ಮುಗಿಸು' ಎಂಬ ಅರ್ಥವೋ ಗೊತ್ತಾಗಲಿಲ್ಲ.

ಪುಟ್ಟ: ಹಾಗಾದರೆ ಆ ಇಬ್ಬರಲ್ಲಿ ನಾನೊಬ್ಬ. ಮುಗಿಯಿತಲ್ಲ.

ಹಾಸನದ ಅತ್ತಿಗೆ: ಇಲ್ಲ ಪುಟ್ಟ. ನೀನು ಉದ್ಯೋಗಿ.

ಪುಟ್ಟ: ಏನು??

ಹಾಸನದ ಅತ್ತಿಗೆ: ವಾರಕ್ಕೆ ಎಷ್ಟು ದಿನ ಅಂಗಡಿಯಲ್ಲಿ ಕೂರುತ್ತೀಯ?

ಪುಟ್ಟ: ಅಪ್ಪ ಊಟಕ್ಕೆ ಹೋದಾಗ. ಲೋಡ್ ಬಂದಾಗ. ದಿನಾ ಎರಡು ಮೂರು ಗಂಟೆ. ಉಳಿದ ಹೊತ್ತು ಅರ್ಜಿ ಹಾಕುವುದೇ ಕೆಲಸ. ಅಪ್ಪ ಒಂದು ರೂಪಾಯಿ ಸಂಬಳ ಕೊಡುವುದಿಲ್ಲ.

ಹಾಸನದ ಅತ್ತಿಗೆ: ಸಂಬಳ ಬೇಕಾಗಿಲ್ಲ. ನಮ್ಮ ಟ್ಯಾಬಿನಲ್ಲಿ ಅದಕ್ಕೊಂದು ಕೋಡ್ ಇತ್ತು, 21. ಮನೆಯ ವ್ಯವಹಾರದಲ್ಲಿ ಸಹಾಯಕ. ಎರಡು ಥರ ಅಳೆಯುತ್ತಾರೆ. ಒಂದು, ಹಿಂದಿನ ಏಳು ದಿನದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ಕೆಲಸ ಮಾಡಿದ್ದರೂ ಆ ವಾರಕ್ಕೆ ನೀನು ಉದ್ಯೋಗಿ. ಇನ್ನೊಂದು ಇಡೀ ವರ್ಷದ ಲೆಕ್ಕ. ಅದರಲ್ಲಿ ವರ್ಷದ ಬಹುಪಾಲು ಕೆಲಸ ಹುಡುಕಿದ್ದರೂ ಪರವಾಗಿಲ್ಲ, 30 ದಿನ ಅಂಗಡಿಯಲ್ಲಿ ಕೈಜೋಡಿಸಿದ್ದರೆ ಸಾಕು, ಉಪವೃತ್ತಿ ಅಂತ ಸೇರಿಸಿ ನಿನ್ನನ್ನು ಉದ್ಯೋಗಿ ಮಾಡುತ್ತಾರೆ. ಈ 3.2 ಆ ವರ್ಷದ ಲೆಕ್ಕದ್ದು.

ಪುಟ್ಟ: ಒಂದು ಗಂಟೆ! ಇದನ್ನು ಯಾರಾದರೂ ತಲೆ ಸರಿ ಇದ್ದವರು ಮಾಡಿದ್ದಾ? ರಾಜ್ಯ ಸರ್ಕಾರದ ಯುವನಿಧಿ ಭತ್ಯೆಗೆ ಪ್ರತಿ ತಿಂಗಳು ನಾನು ನಿರುದ್ಯೋಗಿ ಅಂತ ಬರೆದುಕೊಟ್ಟೆ, 3,000 ಬಂತು. ಒಂದು ಸರ್ಕಾರಕ್ಕೆ ನಿರುದ್ಯೋಗಿ, ಇನ್ನೊಂದಕ್ಕೆ ಉದ್ಯೋಗಿ.

ಸಕಲೇಶಪುರ ಚಿಕ್ಕಪ್ಪ: ಮೆಲ್ಲಗೆ ಬರೆಯೋ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಾರು 😄

ನಾನು ಪುಟ್ಟನ ಪರ ಇದ್ದವನು. ಆದರೆ ಅತ್ತಿಗೆ ಇದಕ್ಕೆ ಕೊಟ್ಟ ಉತ್ತರ ನನಗೂ ಹೊಸದು.

ಹಾಸನದ ಅತ್ತಿಗೆ: ಒಂದು ಗಂಟೆಯ ನಿಯಮ ನಮ್ಮವರ ಕಿತಾಪತಿ ಅಲ್ಲ. 1982ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನದಲ್ಲಿ ಗಟ್ಟಿಯಾಗಿದ್ದು, ಬೇರೆ ದೇಶಗಳೂ ಬಳಸುತ್ತವೆ. ಕಾರಣವೂ ಇದೆ. ನೀನು ಒಂದು ಗಂಟೆಯಲ್ಲಿ ಮಾರಿದ ಯೂರಿಯಾ ದೇಶದ ಉತ್ಪನ್ನದ ಲೆಕ್ಕದಲ್ಲಿ ಸೇರುತ್ತದೆ. ಉತ್ಪನ್ನ ಲೆಕ್ಕಕ್ಕೆ ಬಂದು, ಅದನ್ನು ಮಾಡಿದ ಮನುಷ್ಯ ಬರದಿದ್ದರೆ ಹೇಗೆ? ಆದ್ದರಿಂದ ನಿರುದ್ಯೋಗ ಅಂದರೆ ಕೆಲಸ ಪೂರ್ತಿ ಸೊನ್ನೆ ಅಂತ ಇಟ್ಟುಕೊಂಡರು. ಅರೆಬರೆ ಕೆಲಸ ಇರುವವರನ್ನು ಬೇರೆ ಅಳೆಯಿರಿ ಎಂದರು. ಅದಕ್ಕೆ ಅರೆ ಉದ್ಯೋಗ ಅಂತ ಹೆಸರು. ನಮ್ಮ ಫಾರಂನಲ್ಲೂ ಕೇಳುತ್ತಿದ್ದೆವು, ವಾರದಲ್ಲಿ ಎಷ್ಟು ಗಂಟೆ ಮಾಡಿದಿರಿ, ಇನ್ನೂ ಕೆಲಸ ಸಿಕ್ಕರೆ ಮಾಡಲು ತಯಾರಿದ್ದೀರಾ ಅಂತ. ತಪ್ಪು ಅಳತೆಗೋಲಿನದಲ್ಲ. ಆ ಎರಡನೇ ಅಂಕಿ ಯಾರ ಫಾರ್ವರ್ಡಿನಲ್ಲೂ ಬರುವುದಿಲ್ಲ, ತಪ್ಪು ಅದು.

ಅರಸೀಕೆರೆ ಅತ್ತೆ: ನನಗೂ ಒಂದು ಕೋಡ್ ಕೊಡಮ್ಮ. ನಾನು ಮನೆಯಲ್ಲೇ ಇರುವವಳು.

ಹಾಸನದ ಅತ್ತಿಗೆ: ಅತ್ತೆ, ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ?

ಅರಸೀಕೆರೆ ಅತ್ತೆ: ನಾಲ್ಕೂವರೆ. ಮೂರು ಹಸು ಇವೆಯಲ್ಲ. ಸಗಣಿ ಬಾಚಿ, ಹಾಲು ಕರೆದು, ಡೈರಿಗೆ ಹಾಕಿ ಬರುವಷ್ಟರಲ್ಲಿ ಏಳು.

ಹಾಸನದ ಅತ್ತಿಗೆ: ನೋಡಿ, ನೀವು ಮೊದಲು ಹೇಳಿದ್ದನ್ನೇ ಬರೆದುಕೊಂಡಿದ್ದರೆ ಕೋಡ್ 92, ಮನೆಗೆಲಸ, ಶ್ರಮಪಡೆಯಿಂದ ಹೊರಗೆ. ಇನ್ನೊಂದು ಪ್ರಶ್ನೆ ಕೇಳಿದೆ, ನೀವು ಉದ್ಯೋಗಿ. ಹಾಲು ಮಾರದೆ ಮನೆಗೇ ಇಟ್ಟುಕೊಂಡರೂ ನಮ್ಮ ದೇಶದ ಲೆಕ್ಕದಲ್ಲಿ ಅದು ಕೆಲಸವೇ. ಅದೇ ಹಾಲು ಕಾಯಿಸಿ ಮಕ್ಕಳಿಗೆ ಕೊಟ್ಟರೆ ಅದು ಕೆಲಸ ಅಲ್ಲ!

ಅರಸೀಕೆರೆ ಅತ್ತೆ: ಡೈರಿ ಪಾಸ್‌ಬುಕ್ ನಿಮ್ಮ ಮಾವನ ಹೆಸರಿನಲ್ಲಿದೆ. ಹಾಗಾದರೆ ಉದ್ಯೋಗಿ ಅವರಾ ನಾನಾ?

ಇದಕ್ಕೆ ಹನ್ನೊಂದು ನಗುವ ಮುಖ ಬಂದವು. ಮಾವನವರದ್ದು ಮಾತ್ರ ಇರಲಿಲ್ಲ.

ಬೇಲೂರು ದೊಡ್ಡಪ್ಪ: ಎಲ್ಲಾ ಸರಿ. ಆದರೆ ಒಂದು ಮಾತು ಹೇಳು. ಮೊದಲ ಸರ್ವೆಯಲ್ಲಿ, 2017-18ರಲ್ಲಿ, 6.0 ಇತ್ತಂತೆ. 2023-24ರಲ್ಲಿ 3.2. ಕೋಲು ಅದೇ, ಅಳತೆ ಕಡಿಮೆ ಆಗಿದೆ. ಅಂದ ಮೇಲೆ ಸುಧಾರಿಸಿದೆ ತಾನೇ?

ಹಾಸನದ ಅತ್ತಿಗೆ: ಒಳ್ಳೇ ಪ್ರಶ್ನೆ ಮಾವ. ಹೌದು, ಇಳಿದಿದೆ, ಅದನ್ನು ಇಲ್ಲ ಅನ್ನಲಾಗದು. 15ರಿಂದ 29 ವಯಸ್ಸಿನವರಲ್ಲೂ 17.8 ಇದ್ದದ್ದು 10.2ಕ್ಕೆ ಬಂದಿದೆ. ಆದರೆ ಅದೇ ವರದಿಯ ಇನ್ನೆರಡು ಅಂಕಿ ಪಕ್ಕದಲ್ಲಿಡಿ. ಹಳ್ಳಿ ಹೆಂಗಸರಲ್ಲಿ ಶ್ರಮಪಡೆಗೆ ಸೇರಿದವರು ಶೇ 24.6 ಇದ್ದರು, 47.6 ಆದರು. ಕೆಲಸ ಮಾಡುವವರಲ್ಲಿ ಸ್ವಂತ ಉದ್ಯೋಗದವರು 52.2ರಿಂದ 58.4ಕ್ಕೆ ಏರಿದರು. ತಿಂಗಳ ಸಂಬಳದವರ ಪಾಲು ಒಂದಿಷ್ಟು ಇಳಿಯಿತು. ಸ್ವಂತ ಉದ್ಯೋಗ ಅಂದರೆ ನಿಮ್ಮಂಥ ಅಂಗಡಿಯವರೂ ಬಂದರು, ಅತ್ತೆಯೂ ಬಂದರು, ಸಂಬಳವಿಲ್ಲದ ಪುಟ್ಟನೂ ಬಂದ.

ಅಷ್ಟರಲ್ಲಿ ನನ್ನ ಬೆಂಗಳೂರು ಭಾವ ಒಂದು ಸ್ಕ್ರೀನ್‌ಶಾಟ್ ಹಾಕಿದರು. ಅದರಲ್ಲಿ 2025ರ ಏಪ್ರಿಲ್‌ಗೆ ನಿರುದ್ಯೋಗ 5.1 ಅಂತ ಇತ್ತು. 'ಏರಿಬಿಟ್ಟಿದೆ ನೋಡಿ!' ಭಾವ ಹೀಗೇ, ಬಂದು ಕಡ್ಡಿ ಗೀರಿ ಹೋಗುವವರು. ಅತ್ತಿಗೆ ಎರಡೇ ಸಾಲು ಬರೆದರು. ಅದು 2025ರಿಂದ ಶುರುವಾದ ತಿಂಗಳ ಲೆಕ್ಕ, ವಾರದ ಅಳತೆಯದು. ವಾರದ ಅಳತೆಯಲ್ಲಿ 2023-24ರದ್ದೂ 4.9 ಇತ್ತು, 3.2 ಅಲ್ಲ. ಭಾವ ಮತ್ತೆ ಕಾಣಲಿಲ್ಲ.

ಸಕಲೇಶಪುರ ಚಿಕ್ಕಪ್ಪ: ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಆಳು ಸಿಗುವುದಿಲ್ಲ ಅಂದೆನಲ್ಲ.

ಹಾಸನದ ಅತ್ತಿಗೆ: ಚಿಕ್ಕ ಮಾವ, ಬೇಸರ ಮಾಡಿಕೊಳ್ಳಬೇಡಿ. ಆಳು ಸಿಗದೇ ಇರುವುದು ಯಾವಾಗ?

ಸಕಲೇಶಪುರ ಚಿಕ್ಕಪ್ಪ: ನವೆಂಬರ್ ಕೊನೆಯಿಂದ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ. ಫೆಬ್ರವರಿ, ಮಾರ್ಚ್ ತನಕ.

ಹಾಸನದ ಅತ್ತಿಗೆ: ಜುಲೈನಲ್ಲಿ?

ಸಕಲೇಶಪುರ ಚಿಕ್ಕಪ್ಪ: ಜುಲೈನಲ್ಲಿ ಆ ಮಳೆಗೆ ಯಾರು ತೋಟಕ್ಕೆ ಇಳಿಯುತ್ತಾರೆ? ಹನ್ನೊಂದು ಗಂಟೆಗೇ ವಾಪಸ್ ಕಳಿಸುತ್ತೇವೆ. ಅರ್ಧ ಕೂಲಿ ಕೊಡುತ್ತೇವಪ್ಪ, ಸುಮ್ನೆ ಕಳಿಸುವುದಿಲ್ಲ.

ಹಾಸನದ ಅತ್ತಿಗೆ: ಆ ಅರ್ಧ ದಿನವೇ ಇಲ್ಲಿ ಮುಖ್ಯ. ವರ್ಷದ ಲೆಕ್ಕದಲ್ಲಿ ನಿಮ್ಮ ತೋಟದ ಲೈನ್ ಮನೆಯ ಕೂಲಿಯವರು ಉದ್ಯೋಗಿಗಳು. ವಾರದ ಲೆಕ್ಕದಲ್ಲೂ ಉದ್ಯೋಗಿಗಳು. ಹಿಂದಿನ ಸರ್ವೆಗಳಲ್ಲಿ ದಿನದ ಲೆಕ್ಕ ಅಂತ ಇನ್ನೊಂದಿತ್ತು. ಅದರಲ್ಲಿ ನಾಲ್ಕು ಗಂಟೆ ಮಾಡಿದರೆ ಪೂರ್ತಿ ದಿನ, ಅದಕ್ಕಿಂತ ಕಡಿಮೆ ಆದರೆ ಅರ್ಧ ದಿನ. ಉಳಿದ ಅರ್ಧಕ್ಕೆ ಕೆಲಸ ಬೇಕಿತ್ತು ಅಂದರೆ ಅದು ನಿರುದ್ಯೋಗದ ಖಾತೆಗೆ. 1970ರಲ್ಲಿ ದಾಂತವಾಲಾ ಸಮಿತಿ ವರದಿ ಕೊಟ್ಟಿತ್ತು. ನಮ್ಮಂಥ ದೇಶದ ಕೆಲಸವನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಆಗುವುದಿಲ್ಲ ಅಂತ. ಆಮೇಲೆ ಬಂದದ್ದೇ ಈ ಮೂರು ಅಳತೆ. 2011-12ರಲ್ಲಿ ಒಂದೇ ಸರ್ವೆಯಲ್ಲಿ ವರ್ಷದ ಅಳತೆ 2.2, ವಾರದ್ದು 3.7, ದಿನದ್ದು 5.6 ಬಂದಿತ್ತು. ಅವೇ ಮನೆ, ಅವೇ ಜನ.

ಸಕಲೇಶಪುರ ಚಿಕ್ಕಪ್ಪ: ಹಾಗಾದರೆ ನಾನೇ ನಿರುದ್ಯೋಗ ಹುಟ್ಟಿಸುವವನು ಅಂತಾಯಿತು.

ಹಾಸನದ ಅತ್ತಿಗೆ: ಮಳೆ ಮಾವ, ಮಳೆ 🙏

ಪುಟ್ಟ: ಅತ್ತಿಗೆ, ಈ ಕೋಡ್‌ಗಳಲ್ಲಿ ಓದಿದ್ದಕ್ಕೆ ತಕ್ಕ ಕೆಲಸ ಇಲ್ಲ ಅನ್ನುವುದಕ್ಕೆ ಒಂದೂ ಇಲ್ಲವಾ?

ಹಾಸನದ ಅತ್ತಿಗೆ: ಗಂಟೆ ಎಣಿಸಬಹುದು ಪುಟ್ಟ. ತಕ್ಕದ್ದು ಯಾವುದು ಅಂತ ಎಣಿಸುವುದು ಕಷ್ಟ. ಬಿಇ ಓದಿ ಚೀಲ ತೂಗಿದರೂ ತೂಗಿದ ಗಂಟೆ ಮಾತ್ರ ಫಾರಂಗೆ ಬರುತ್ತದೆ. ಇನ್ನೂ ಒಂದು ವಿಷಯ. ನಿರುದ್ಯೋಗಿ ಅನ್ನಿಸಿಕೊಳ್ಳಲೂ ಒಂದು ತಾಕತ್ತು ಬೇಕು. ತಿಂಗಳುಗಟ್ಟಲೆ ಕಾಯಲು ಮನೆಯಲ್ಲಿ ಅನ್ನ ಇರಬೇಕು. ಇಲ್ಲದವರು ಸಿಕ್ಕಿದ್ದು ಮಾಡಿ ಉದ್ಯೋಗಿ ಆಗಿಬಿಡುತ್ತಾರೆ. ಗುತ್ತಿಗೆ ಮುಗಿದ ಮೇಲೆ ನಾನೂ ವಾರಕ್ಕೆ ಮೂರು ಸಂಜೆ ಟ್ಯೂಷನ್ ಹೇಳುತ್ತಿದ್ದೇನೆ. ಒಟ್ಟು ಆರು ಗಂಟೆ. ಈಗ ಯಾರಾದರೂ ಟ್ಯಾಬ್ ಹಿಡಿದು ಬಂದರೆ ನಾನೂ ಉದ್ಯೋಗಿಯೇ.

ಆಮೇಲೆ ಸುಮಾರು ಹೊತ್ತು ಯಾರೂ ಬರೆಯಲಿಲ್ಲ. ಅತ್ತಿಗೆಯ ಗುತ್ತಿಗೆ ಮುಗಿದದ್ದು ಗುಂಪಿನಲ್ಲಿ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಅತ್ತೆ ಮಾತ್ರ 'ಆರು ಗಂಟೆ ಸಾಲುತ್ತೇನಮ್ಮ?' ಎಂದು ಕೇಳಿದರು. ಅತ್ತಿಗೆ 'ಇಲ್ಲ ಅತ್ತೆ' ಎಂದರು.

ರಾತ್ರಿ ಒಂಬತ್ತೂವರೆಗೆ ನೋಡಿದರೆ ದೊಡ್ಡಪ್ಪನ ಚಿತ್ರ ಇದ್ದ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಎಂದಿತ್ತು. ಅದರ ಕೆಳಗೆ ಎರಡು ಹೊಸ ಸಂದೇಶ. ಮನೆಯೊಳಗೇ ಮಾತಾಡಬಹುದಾಗಿದ್ದನ್ನು ಅಪ್ಪ ಮಗ ಗುಂಪಿನಲ್ಲೇ ಬರೆದಿದ್ದರು.

ಬೇಲೂರು ದೊಡ್ಡಪ್ಪ: ಪುಟ್ಟ, ನಾಳೆ ಬೆಳಗ್ಗೆ ಎಂಟಕ್ಕೆ ಲೋಡ್ ಬರುತ್ತದೆ. ಬರುತ್ತೀಯಲ್ಲ?

ಪುಟ್ಟ: ಎಷ್ಟು ಗಂಟೆ ಕೆಲಸ ಅಪ್ಪ?

ಐದು ನಿಮಿಷ 'ಟೈಪಿಂಗ್' ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು.

ಬೇಲೂರು ದೊಡ್ಡಪ್ಪ: ಒಂದು ಗಂಟೆಗಿಂತ ಜಾಸ್ತಿ. ಕೂಲಿ ಎಷ್ಟು ಅಂತ ಇಲ್ಲಿ ಬೇಡ, ಒಳಗೆ ಬಾ.