ತುಂಗಭದ್ರಾ ದಂಡಿ ಮ್ಯಾಲಿನ ಹಳೇ ದೋಣಿ: ಫೈಬರ್ ಹೊದಿಸೂದೋ, ಮರಾನ ರಿಪೇರಿ ಮಾಡೂದೋ?

ಹೊಳಿದಂಡಿ ಹುಡುಗ, ರಾಣೇಬೆನ್ನೂರು
ನಮಸ್ಕಾರ್ರಿ. ನಮ್ಮೂರು ಚೌಡಯ್ಯದಾನಪುರದ ಆಸುಪಾಸು. ಅಂಬಿಗರ ಮನಿತನ. ನಮ್ಮಜ್ಜ ಹೊಳಿ ದಾಟಸ್ತಿದ್ದ ಕಟಗಿ ದೋಣಿ ಇನ್ನೂ ಐತಿ: 18 ಅಡಿ, ಸಾಗವಾನಿ ಹಲಗಿ. ಬಸ್ಸಿನ ಓಡಾಟ ಹೆಚ್ಚಾದಮ್ಯಾಲೆ ತಗಡಿನ ಚಪ್ಪರದ ಕೆಳಗ ಬೋರಲು ಹಾಕಿಟ್ಟೇವಿ. ಈಗ ಹಲಗಿ ನಡುವ ಬೆಳಕು ಕಾಣತೈತಿ, ಮೊಳಿ ಸುತ್ತ ಮರ ಕರ್ರಗಾಗೇತಿ. ವರ್ಕ್‌ಶಾಪಿನವ್ರೊಬ್ರು ಸಂದಿಗೆಲ್ಲ ಎಪಾಕ್ಸಿ ಅಂಟು ತುಂಬಿ, ಮ್ಯಾಲೆ ಫೈಬರ್ ಹೊದಿಸಿಬಿಡ್ತೀವಿ ಅಂದ್ರು. ತೋರಿಕಿಗೆ ಇಡಾಕಲ್ರಿ, ನೀರಾಗ ನಡಸಾಕ ಬೇಕು. ಬಲ್ಲವರು ಹೇಳ್ರಿ.

ಉಣಕಲ್ ಕೆರಿ
ಫೈಬರ್ ಹಾಕಿಸ್ರಿ. ದೋಣಿ ಕೆಲಸ ಬಲ್ಲ ಬಡಿಗ್ಯಾರು ಈಗ ಎಲ್ಲಿ ಸಿಗ್ತಾರ?

ಬಡಿಗೇರ ಕಾಕಾ, ಕಲಘಟಗಿ
ತಮ್ಮಾ, ಫೈಬರ್ ಹಚ್ಚಸಬ್ಯಾಡ. ನಾನು ಕಾರವಾರ, ತದಡಿ ಕಡೆ ದೋಣಿ ಕೆಲಸ ಮಾಡಿ ಬಂದಾಂವ, ಈಗ ಊರಾಗ ಬಾಗಲಾ ಚೌಕಟ್ಟು ಮಾಡ್ತೀನಿ. ನೀ ಹೇಳೂದು ನೋಡಿದ್ರ ಸಂದು ಬಿಟ್ಟದ್ದು ದೋಣಿ ಒಣಗಿದ್ದಕ್ಕ, ಕೆಟ್ಟಿದ್ದಕ್ಕಲ್ಲ.

ಮರ ಉದ್ದಕ್ಕ ಕುಗ್ಗೂದು ಇಲ್ಲ ಅನ್ನೂವಷ್ಟು ಕಡಿಮಿ, ಅಗಲಕ್ಕ ಕುಗ್ಗತೈತಿ. ನೀರಾಗ ಬಿಟ್ರ ಅದೇ ಹಲಗಿ ಉಬ್ಬಿ ಒಂದನ್ನೊಂದು ಒತ್ತತಾವು. ಒಣಗಿದ್ದಾಗ್ಲೇ ಸಂದಿಗೆ ಎಪಾಕ್ಸಿ ಗಡಸು ಕೂತ್ರ ಉಬ್ಬಾಕ ಜಾಗಾ ಎಲ್ಲೈತಿ? ಮೊಳಿ ಕೀಳತಾವು, ಇಲ್ಲಾ ಹಲಗಿ ಹಿಡದಿಡೂ ಒಳಗಿನ ಬಾಗುಮರ ಸೀಳತಾವು. ಫೈಬರ್ ಒಂದು ಕಡೆ ಬಿಟ್ಟಿತಂದ್ರ ಒಳಗ ಹೊಕ್ಕ ನೀರು ಹೊರಗ ಬರಂಗಿಲ್ಲ. ಮರದ ತೇವ ನೂರಕ್ಕ 20 ದಾಟಿ ಗಾಳಿನೂ ಸಿಕ್ರ ಕೊಳೆ ಶುರು. ಪೂರ್ತಿ ಮುಳಗಿದ ಮರ ಗಾಳಿ ಇಲ್ಲದ್ದಕ್ಕ ತಾಳತೈತಿ. ಹಾಳಾಗೂದು ಅರ್ಧ ಹಸಿ ಇರೂದು.

ನನಗ ಚಿಂತಿ ಇರೂದು ಆ ಕಪ್ಪು ಮೊಳಿದು. ಕಬ್ಬಿಣ ತುಕ್ಕು ಹಿಡದಂಗ ಸುತ್ತಲಿನ ನಾರೂ ಹೋಗತೈತಿ. ಒಂದು ದಬ್ಬಣ ತಗೊಂಡು ಮೊಳಿ ಸುತ್ತ, ಬಾಗುಮರ ಹಲಗಿಗೆ ಕೂಡೂ ಕಡೆ, ಮ್ಯಾಲಿನ ಅಂಚುಪಟ್ಟಿ ಕೆಳಗ ಚುಚ್ಚಿ ನೋಡು. ದಬ್ಬಣ ಟಕ್ ಅಂತ ನಿಂತ್ರ ಮರ ಗಟ್ಟಿ. ಹಸೀ ಬೆಲ್ಲಕ್ಕ ಚುಚ್ಚಿದಂಗ ಇಳೀತಂದ್ರ ಅಷ್ಟು ಕೊಯ್ದು ತಗಿ, ಕರುಣಿ ಬ್ಯಾಡ.

ಹೊಸ ತುಂಡೂ ಸಾಗವಾನಿದೇ ಇರಲಿ. ದಾಂಡೇಲಿ, ಕಿರವತ್ತಿ ಕಟಗಿ ಡಿಪೋದ ಮಾಲು ನಮ್ಮ ಕಡೆ ಸಾಮಿಲ್‌ನ್ಯಾಗ ಸಿಗತೈತಿ. ತುದಿಗೆ ತುದಿ ನೆಟ್ಟಗ ಇಟ್ಟು ಜೋಡಸಬ್ಯಾಡ. ಓರೆ ಕೊಯ್ದು ಒಂದರ ಮ್ಯಾಲೊಂದು ಕೂಡಿಸು. ಇಂಚು ದಪ್ಪದ ಹಲಗಿಗೆ ಎಂಟಿಂಚು ಓರೆ. ಪಕ್ಕದ ಹಲಗಿ ಜೋಡು ಅದೇ ಸಾಲಿಗೆ ಬರಬಾರದು. ಬಾಗುಮರಕ್ಕ ಜಾಲಿ ಚೊಲೊ. ಬಾಗಿಯೇ ಬೆಳದ ಕೊಂಬಿ ಹುಡುಕಿದ್ರ ನಾರು ಕಡಿಯೂದಿಲ್ಲ. ಕಚ್ಛದ ಮಾಂಡವಿಯೊಳಗ ದೊಡ್ಡ ಹಡಗಿಗೂ ಜಾಲಿ ಹಾಕ್ತಾರ. ಮೊಳಿ ತಾಮ್ರದ್ದು ತಗೋ, ಆಗದಿದ್ರ ಸತು ಲೇಪದ್ದು.

ಸಂದಿಗೆ ಹತ್ತಿ. ಸಡಿಲ ಹುರಿ ಮಾಡಿ, ಮೊಂಡ ಉಳಿಯಿಂದ ಹಗೂರಕ ಬಡದು ಕೂಡಿಸು. ಬಿಗಿ ಬಡದ್ರ ನೀರಿಗಿಳಿದಮ್ಯಾಲೆ ಹಲಗಿ ತಳ್ಳತೈತಿ. ಅದರ ಮ್ಯಾಲೆ ಸೀಮಿಸುಣ್ಣದ ಪುಡಿ, ಅಗಸಿ ಎಣ್ಣಿ ಕಲಸಿದ ಪುಟ್ಟಿ.

ಮುಂಡರಗಿ ಮಂದಿ
ಕಾಕಾರ, ನಮ್ಮ ಕಡೆ ಹರಿಗೋಲಿಗೆ ಡಾಂಬರ ಹಚ್ತಾರ. ಮೊದಲ ಬಿದಿರಿಗೆ ಚರ್ಮ ಹೊದಿಸ್ತಿದ್ರು, ಈಗ ತಾಡಪತ್ರಿ. ದೋಣಿಗೂ ಡಾಂಬರ ನಡೀತೈತೇನ್ರಿ? ಶೇಂಗಾ ಎಣ್ಣಿ ಹಚ್ಚಿದ್ರೂ ಆಗತೈತಿ ಅಂತಾರ.

ಬಡಿಗೇರ ಕಾಕಾ, ಕಲಘಟಗಿ
ಹರಿಗೋಲಿನ ಹೊದಿಕಿಗೆ ಡಾಂಬರ ಸರಿ. ಸಾಗವಾನಿಗೆ ಹಚ್ಚಿದ್ರ ನಮ್ಮ ಬಿಸಲಿಗೆ ಮೆತ್ತಗಾಗಿ ಇಳೀತೈತಿ, ಮುಂದ ಬ್ಯಾರೆ ಏನೂ ಅದರ ಮ್ಯಾಲೆ ಹಿಡಿಯೂದಿಲ್ಲ. ಶೇಂಗಾ ಎಣ್ಣಿ ಎಂದೂ ಒಣಗೂದಿಲ್ಲ, ಜಿಗಟು ಉಳದು ಧೂಳು ಹಿಡೀತೈತಿ. ಅಗಸಿ ಎಣ್ಣಿ ಗಾಳಿಗೆ ತಾನಾಗೇ ಗಟ್ಟಿಯಾಗತೈತಿ. ತೆಳ್ಳಗ ಹಚ್ಚು, ಒಣಗಲಿ, ಮತ್ತ ಹಚ್ಚು. ಎಣ್ಣಿ ಒರಸಿದ ಅರಿವಿ ಮಾತ್ರ ಮುದ್ದಿ ಮಾಡಿ ಮೂಲಿಗೆ ಒಗಿಬ್ಯಾಡ್ರಿ, ಅದು ತಾನ ಕಾದು ಬೆಂಕಿ ಹತ್ತತೈತಿ. ಹರವಿ ಒಣಗಿಸ್ರಿ. ಕರಾವಳಿಯೊಳಗ ಗೋಡಂಬಿ ಸಿಪ್ಪಿ ಎಣ್ಣಿ, ಮೀನೆಣ್ಣಿ ಹಚ್ತಾರ. ಸಿಪ್ಪಿ ಎಣ್ಣಿ ಕೈಗೆ ತಾಗಿದ್ರ ತೊಗಲು ಸುಡತೈತಿ.

ಹೊಳಿದಂಡಿ ಹುಡುಗ, ರಾಣೇಬೆನ್ನೂರು
ಕಾಕಾರ, ದಬ್ಬಣ ಹಾಕಿ ನೋಡಿದೆ. ಹಲಗಿ ಬಹಳಷ್ಟು ಗಟ್ಟಿ ಅದಾವು. ಎಡಗಡೆ ಎರಡು ಬಾಗುಮರ, ಮುಂದಿನ ಮೂತಿ ಹತ್ರ ಒಂದು ಹಲಗಿ ತುದಿ ಹೋಗೇತಿ. ಹಳೇ ಮೊಳಿ ಎಲ್ಲಾ ಒಮ್ಮೆಗೇ ಕಿತ್ತು ಕೆಲಸ ಶುರು ಮಾಡ್ಲೇನ್ರಿ? ನೀರಿಗೆ ಹೆಂಗ ಇಳಸೂದು?

ಬಡಿಗೇರ ಕಾಕಾ, ಕಲಘಟಗಿ
ಒಮ್ಮೆಗೇ ಕಿತ್ತಿ ಅಂದ್ರ ದೋಣಿ ಆಕಾರ ಬಿಡತೈತಿ. ಮೊದಲ ನೆಟ್ಟಗ ತಿರುವಿ ಎರಡೂ ಬಾಜೂಕ ಆಸರಿ ಕೊಡು. ಒಂದು ಬಾಗುಮರ ತಗದು, ಹೊಸದು ಕೂಡಿಸಿ ಮೊಳಿ ಬಡದಮ್ಯಾಲೇ ಮುಂದಿಂದಕ್ಕ ಕೈ ಹಾಕು. ಹಳೇ ತೂತಿಗೆ ಹೊಸ ಮೊಳಿ ಬಡೀಬ್ಯಾಡ. ಅದಕ್ಕ ಸಾಗವಾನಿ ಗೂಟ ಬಡದು ಮುಚ್ಚಿ, ಬಾಜೂಕ ಹೊಸ ತೂತು ಕೊರಿ.

ಇಳಸೂಕ ಮೊದಲ ಒಳಗ ಹಸೀ ಗೋಣಿಚೀಲ ಹಾಸಿ ನೀರು ಹೊಡಿ. ಆಮ್ಯಾಲೆ ಸೆಳವಿಲ್ಲದ ಕಡೆ, ದಂಡಿಗೆ ಹಗ್ಗ ಕಟ್ಟಿ ನೀರಾಗ ಕುಂದರಸು. ನೀರು ತುಂಬತೈತಿ, ತುಂಬಲಿ. ಹಲಗಿ ಉಬ್ಬಿದಮ್ಯಾಲೆ ಒಳಗಿನ ನೀರು ಹೊರಗ ಚೆಲ್ಲಿ ನೋಡು, ಎಲ್ಲಿ ಇನ್ನೂ ಜಿನುಗತೈತಿ ಅಂತ ಗುರುತು ಮಾಡು. ಮೂತಿ ಕಡೆಯ ಜೋಡಿನ ಫೋಟೋ ಹಾಕು, ಅಲ್ಲಿ ಓರೆ ಯಾವ ಕಡೆ ಬರಬೇಕು ಅಂತ ನೋಡಿ ಹೇಳ್ತೀನಿ.