ಗೋಕರ್ಣದ ಕುಡ್ಲೆ ಬೀಚ್‌ನಲ್ಲಿ ಮೂರು ದಿನ: ಸುತ್ತಮುತ್ತ ಏನೇನಿದೆ? ಹೋಗಿ ಬಂದವರು ಹೇಳಿ

ತುಮಕೂರಿನವರು (ಕೇಳಿದವರು): ಜನವರಿಯಲ್ಲಿ ಕುಡ್ಲೆಯ ಗೆಸ್ಟ್‌ಹೌಸ್ ಒಂದರಲ್ಲಿ ರೂಮ್ ಹಿಡಿದಿದ್ದೇವೆ. ನಾನು, ಹೆಂಡತಿ, ಎಂಟು ವರ್ಷದ ಮಗಳು, ಮಂಡಿನೋವಿರುವ ಅಮ್ಮ. ಕಾರಿಲ್ಲ, ರೈಲಲ್ಲಿ ಬರ್ತೀವಿ. ಏನೇನು ನೋಡಬಹುದು?

ದಾವಣಗೆರೆಯವರು: ಹೋದ ವರ್ಷ ಹೋಗಿದ್ದೆವು, ಹೊಟ್ಟೆಯುರಿ ಇನ್ನೂ ಆರಿಲ್ಲ. ಗೋಕರ್ಣ ರೋಡ್ ಸ್ಟೇಷನ್ನಿಂದ ಆಟೊಗೆ 450. "ಬೀಚ್‌ಗೇ ಬಿಡ್ತೀನಿ" ಅಂದವನು ಗುಡ್ಡದ ಮೇಲೆ ಇಳಿಸಿ ಹೋದ. ಅಲ್ಲಿಂದ ಕೆಳಕ್ಕೆ ಮೆಟ್ಟಿಲು. ಸೂಟ್‌ಕೇಸಿನ ಚಕ್ರ ಅರ್ಧ ದಾರಿಯಲ್ಲೇ ಕಿತ್ತುಬಂತು. ರೂಮಿಗೆ ದಿನಕ್ಕೆ 2,800, ಬಿಸಿನೀರು ಬಕೆಟ್ಟಿಗೆ 40. ಓಂ ಬೀಚಿನಲ್ಲಿ ಡಾಲ್ಫಿನ್ ತೋರಿಸ್ತೀವಿ ಅಂತ ತಲೆಗೆ 400, ನಾಲ್ವರಿಗೆ 1,600. ಮುಕ್ಕಾಲು ಗಂಟೆ ದೋಣಿ ಎತ್ತಿ ಎತ್ತಿ ಹಾಕಿತು, ಮಗ ಎರಡು ಸಲ ವಾಂತಿ ಮಾಡಿದ. ಡಾಲ್ಫಿನ್ ಕಾಣಲೇ ಇಲ್ಲ.

ಮೈಸೂರಿನವರು: ಸಮುದ್ರದ ಪ್ರಾಣಿ ನಾವು ಹೇಳಿದ ಹೊತ್ತಿಗೆ ಬರಲ್ಲ ಸಾರ್. ದೋಣಿ ಯಾಕೆ? ನಾವು ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ತನಕ ಬಂಡೆ ಮೇಲೆ ನಡೆದೇ ಹೋದೆವು. ಪೈಸೆ ಖರ್ಚಿಲ್ಲ. ನೀರು ಮಾತ್ರ ಜಾಸ್ತಿ ಒಯ್ಯಿರಿ. ನನ್ನ ಚಪ್ಪಲಿ ಹರಿದು ಕೊನೇ ಭಾಗ ಬರಿಗಾಲಲ್ಲಿ ನಡೆದೆ, ಆದರೂ ಇನ್ನೊಂದು ಸಲ ಹೋಗ್ತೀನಿ.

ಹುಬ್ಬಳ್ಳಿಯವರು: ದೇವಸ್ಥಾನದ ಮಾತು ಯಾರೂ ಎತ್ತಲಿಲ್ಲವಲ್ಲ? ಮಹಾಬಲೇಶ್ವರನಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಪಂಚೆ ಉಡಬೇಕು. ನಾನು ಪ್ಯಾಂಟಲ್ಲಿ ಹೋಗಿ, ಹೊರಗೆ 220 ಕೊಟ್ಟು ಪಂಚೆ ಕೊಂಡೆ. ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು. ಆದರೆ ಆತ್ಮಲಿಂಗ ಬೆರಳಿಗೆ ತಾಗಿದ ಆ ಕ್ಷಣ! ಮಾರನೇ ದಿನ ಯಾಣ, ಮಿರ್ಜಾನ್ ಕೋಟೆಗೆ ಟ್ಯಾಕ್ಸಿ, 2,900 ಕೊಟ್ಟೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್. ಕೆಳಗೆ ನಿಂತು ಕತ್ತೆತ್ತಿದರೆ ಬಾಯಿ ಕಟ್ಟುತ್ತದೆ.

ಮೈಸೂರಿನವರು: ಸಮುದ್ರ ನೋಡೋಕೆ ಬಂದವರಿಗೆ ಯಾಣ ಯಾಕೆ? ಒಂದಿಡೀ ದಿನ ಕಾರಲ್ಲೇ ಹೋಗುತ್ತೆ.

ಹುಬ್ಬಳ್ಳಿಯವರು: ನೀವು ಯಾಣ ನೋಡಿದ್ದೀರಾ? ಇಲ್ಲ ಅಲ್ವಾ? ಮತ್ತೆ ಸುಮ್ನಿರಿ.

ಕುಮಟಾದವಳು: ನಾನು ಇಲ್ಲಿಯವಳೇ. ಬೀಚ್ ಬಿಟ್ಟರೆ ಇಲ್ಲಿ ಏನೂ ಇಲ್ಲ ಅನ್ನೋ ಹಾಗೆ ಮಾತಾಡ್ತೀರಿ, ಬೇಜಾರಾಗ್ತದೆ. ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿ. ತದಡಿಯಿಂದ ದೋಣಿ ಹತ್ತಿ ಹೊಳೆಯಾಚೆಯ ಅಘನಾಶಿನಿ ಊರಿಗೆ ದಾಟಿ. ಇಳಿತದ ಹೊತ್ತಿಗೆ ಹೆಂಗಸರು ಹೊಳೆಯಲ್ಲಿ ನಿಂತು, ಪಾದದಲ್ಲೇ ಕೆಸರು ತಡವಿ ಬಳಚು, ಅಂದ್ರೆ ತಿನ್ನೋ ಚಿಪ್ಪುಮೀನು, ತೆಗೀತಾರೆ. ನಮ್ಮತ್ತೆ ಹಾಗೆ ದುಡಿದೇ ನಾಲ್ಕು ಮಕ್ಕಳನ್ನ ಸಾಕಿದ್ದು.

ದಾವಣಗೆರೆಯವರು: ಮೊದಲು ನಿಮ್ಮೂರಿನ ಆಟೊ ಬಾಡಿಗೆ ಸರಿ ಮಾಡಿಸಿ ಅಕ್ಕ.

ಕುಮಟಾದವಳು: ಸ್ಟೇಷನ್ ಊರಿಂದ ಸುಮಾರು ಹತ್ತು ಕಿಲೋಮೀಟರ್ ದೂರ ಮಾರಾಯ್ರೆ. ಅವರು ಖಾಲಿ ವಾಪಸ್ ಬರಬೇಕು. ಆ ಲೆಕ್ಕ ಹಾಕಿದ್ದೀರಾ? ನೀವು ಬಂದು ಹೋದ ಮೇಲೆ ಮರಳಲ್ಲಿ ಉಳಿಯೋ ಬಾಟಲಿ ಲೆಕ್ಕ ನಾನು ಹೇಳಲಾ? ನನ್ನ ತಮ್ಮನ ಅಂಗಾಲಿಗೆ ಏಳು ಹೊಲಿಗೆ ಬಿದ್ದಿದೆ. ಬಲೆ ಎಳೆಯೋಕೆ ಹದಿನೆಂಟು ದಿನ ಹೋಗಲಿಲ್ಲ.

ಮೈಸೂರಿನವರು: ನಾವು ಕುಡಿಯೋರೇ ಅಲ್ಲ. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತುಮಕೂರಿನವರು: ದಯವಿಟ್ಟು ಜಗಳ ಬೇಡ. ಅಮ್ಮನಿಗೆ ಮೆಟ್ಟಿಲು ಆಗಲ್ಲ. ಇಳಿಯದೆ ಸಮುದ್ರ ಸಿಗುವ ಜಾಗ ಇದೆಯಾ?

ಕುಮಟಾದವಳು: ಊರಿನ ಬೀಚಿಗೇ ಹೋಗಿ. ರಥಬೀದಿ ದಾಟಿದರೆ ಮರಳು. ಅಮ್ಮನಿಗೆ ದೇವಸ್ಥಾನವೂ ಹತ್ತಿರ. ರೂಮನ್ನೇ ಆ ಕಡೆ ಬದಲಾಯಿಸಿಕೊಳ್ಳಿ.

ದಾವಣಗೆರೆಯವರು: ಬದಲಾಯಿಸೋ ಮೊದಲು ಮುಂಗಡ ವಾಪಸ್ ಕೊಡ್ತಾರಾ ಅಂತ ಬರಹದಲ್ಲಿ ಕೇಳಿ. ನಾನು ಒಂದು ದಿನ ಮೊದಲೇ ಖಾಲಿ ಮಾಡಿದ್ದಕ್ಕೆ 2,000 ಬರಬೇಕಿತ್ತು. ಹನ್ನೊಂದು ಸಲ ಫೋನ್ ಮಾಡಿದೆ, ಇನ್ನೂ ಬಂದಿಲ್ಲ.